ಮರ ಕೆತ್ತುವ ಯಂತ್ರ ದಾರಿ ತಪ್ಪಿದಾಗ

ಮನೆಯಲ್ಲಿ ಇಟ್ಟುಕೊಳ್ಳುವ, ಕಂಪ್ಯೂಟರಿನ ಆಜ್ಞೆಯಂತೆ ನಡೆಯುವ ಚಿಕ್ಕ ಸಿಎನ್‌ಸಿ ಕೆತ್ತನೆ ಯಂತ್ರ ಕೈಕೊಟ್ಟಾಗ ಹೆಚ್ಚಿನವರು ಮೊದಲು ಹಿಡಿಯುವುದು ಕಂಪ್ಯೂಟರನ್ನು. ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕುತ್ತಾರೆ, ಫರ್ಮ್‌ವೇರಿನ, ಅಂದರೆ ಯಂತ್ರದ ಬೋರ್ಡಿನೊಳಗಿನ ತಂತ್ರಾಂಶದ, ಸಂಖ್ಯೆಗಳನ್ನು ಒಂದೊಂದಾಗಿ ತಿದ್ದುತ್ತಾರೆ, ಕೊನೆಗೆ ಕಂಟ್ರೋಲರ್ ಬೋರ್ಡನ್ನೇ ಬದಲಾಯಿಸುತ್ತಾರೆ; ಇಷ್ಟಾದ ಮೇಲೂ ಕೆತ್ತನೆ ಅರ್ಧ ಮಿಲಿಮೀಟರ್ ಸರಿದೇ ಬರುತ್ತದೆ, ಏಕೆಂದರೆ ಮೋಟಾರಿನ ದಂಡಕ್ಕೆ ಲೀಡ್ ಸ್ಕ್ರೂವನ್ನು (ಅಕ್ಷವನ್ನು ಸರಿಸುವ ಉದ್ದ ತಿರುಪನ್ನು) ಜೋಡಿಸುವ ಕಪ್ಲಿಂಗಿನಲ್ಲಿ ಒಂದು ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ತಿರುಪು) ಸಡಿಲವಾಗಿರುತ್ತದೆ. ನಾನು ಕಂಡಂತೆ ಈ ಯಂತ್ರಗಳ ತೊಂದರೆಗಳಲ್ಲಿ ಬಹುಪಾಲು ಕಬ್ಬಿಣದಲ್ಲಿ ಇರುತ್ತವೆ, ಉಳಿದವುಗಳಲ್ಲಿ ಬಹುಪಾಲು ತಂತಿಗಳಲ್ಲಿ ಇರುತ್ತವೆ, ಸಾಫ್ಟ್‌ವೇರಿನ ಪಾಲಿಗೆ ಬರುವುದು ಸ್ವಲ್ಪವೇ. ಆದ್ದರಿಂದ ಏನು ಕೆಟ್ಟಿದೆ ಎಂದು ಊಹಿಸುವ ಮೊದಲು, ತಪ್ಪು ಯಾವ ರೀತಿಯಲ್ಲಿ ಮರುಕಳಿಸುತ್ತಿದೆ ಎಂಬುದನ್ನು ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಮಾತಿಗೊಂದು ಆಧಾರವಿರಲಿ ಎಂದು ನಾನು ಬಳಸುವ ಯಂತ್ರದ ವಿವರವನ್ನು ಹೇಳುತ್ತೇನೆ. ಇದು 3018 ಎಂಬ ಹೆಸರಿನಲ್ಲಿ ಹಲವು ತಯಾರಕರು ಮಾರುವ ಮಾದರಿ, 300 ಮಿ.ಮೀ. ಉದ್ದ, 180 ಮಿ.ಮೀ. ಅಗಲದ ಕೆಲಸದ ಜಾಗ, ಮೂರು ಅಕ್ಷಗಳಿಗೆ ಹೆಜ್ಜೆಹೆಜ್ಜೆಯಾಗಿ ತಿರುಗುವ ಮೂರು ಸ್ಟೆಪರ್ ಮೋಟಾರ್, ಒಂದು ಸುತ್ತಿಗೆ 4 ಮಿ.ಮೀ. ಸರಿಸುವ ಲೀಡ್ ಸ್ಕ್ರೂ, ಬಿಟ್ಟನ್ನು (ಕೆತ್ತುವ ಧಾರೆಯ ಸಲಕರಣೆಯನ್ನು) ತಿರುಗಿಸಲು 24 ವೋಲ್ಟಿನ 775 ಮೋಟಾರಿನ ಸ್ಪಿಂಡಲ್, ಅದನ್ನು ಹಿಡಿಯಲು ಇಆರ್11 ಕೊಲೆಟ್. ಇದನ್ನು ನಡೆಸುವುದು ಜಿಆರ್‌ಬಿಎಲ್ ಎಂಬ ಫರ್ಮ್‌ವೇರ್. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಆರಂಭಿಸಿ ಮುಕ್ತ ತಂತ್ರಾಂಶವಾಗಿ ಬೆಳೆದ ಇದು, ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಎಂಬ ಸಣ್ಣ ಚಿಪ್ಪಿನಿಂದಲೇ ಮೂರು ಅಕ್ಷಗಳನ್ನು ಓಡಿಸುತ್ತದೆ. ಈ ದರ್ಜೆಯ ಯಂತ್ರಗಳಲ್ಲಿ, ಮೋಟಾರ್ ನಿಜವಾಗಿಯೂ ತಿರುಗಿತೇ ಎಂದು ಮರಳಿ ತಿಳಿಸುವ ಎನ್‌ಕೋಡರ್ ಇರುವುದಿಲ್ಲ. ಬೋರ್ಡು ಇಷ್ಟು ಹೆಜ್ಜೆ ಎಂದು ಆಜ್ಞೆ ಕೊಡುತ್ತದೆ, ಮೋಟಾರ್ ಅಷ್ಟನ್ನೂ ಇಟ್ಟಿದೆ ಎಂದು ನಂಬಿಕೊಂಡು ಮುಂದಿನ ಲೆಕ್ಕಕ್ಕೆ ಹೋಗುತ್ತದೆ. ನಾನು ಮುಂದೆ ಹೇಳುವ ಅನೇಕ ತೊಂದರೆಗಳಿಗೆ ಈ ಕುರುಡು ನಂಬಿಕೆಯೇ ಮೂಲ.

ತಪ್ಪು ಮರುಕಳಿಸುವ ರೀತಿಯೆಂದರೆ ಹೀಗೆ. 100 ಮಿ.ಮೀ. ಹೇಳಿದರೆ 98, 50 ಹೇಳಿದರೆ 49 ಬರುತ್ತಿದ್ದರೆ, ತಪ್ಪು ಅಳತೆಯ ಪ್ರಮಾಣಕ್ಕೆ ತಕ್ಕಂತಿದೆ. ಅದು ಹೆಜ್ಜೆಗಳ ಲೆಕ್ಕಕ್ಕೆ ಸಂಬಂಧಿಸಿದ್ದು. ಉದ್ದ ಎಷ್ಟೇ ಇರಲಿ, ಚಲನೆಯ ದಿಕ್ಕು ತಿರುಗಿದಾಗಲೆಲ್ಲ ಒಂದೇ ಮೊತ್ತದಷ್ಟು ಕಡಿಮೆ ಬರುತ್ತಿದ್ದರೆ ಅದು ನಟ್ಟು ಮತ್ತು ಸ್ಕ್ರೂಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್. ಮೊದಲ ಪದರದಲ್ಲಿ ಸರಿಯಿದ್ದು, ಪದರದಿಂದ ಪದರಕ್ಕೆ ಒಂದೇ ಕಡೆಗೆ ಸರಿಯುತ್ತ ಹೋದರೆ ಮೋಟಾರ್ ಹೆಜ್ಜೆ ಬಿಡುತ್ತಿದೆ, ಇಲ್ಲವೇ ಕಪ್ಲಿಂಗ್ ಜಾರುತ್ತಿದೆ. ಪ್ರತಿ ಬಾರಿಯೂ ಕಡತದ (ಯಂತ್ರಕ್ಕೆ ಕಳುಹಿಸುವ ಆಜ್ಞೆಗಳ ಫೈಲಿನ) ಅದೇ ಸಾಲಿನಲ್ಲಿ ತಪ್ಪಿದರೆ ಕಡತವನ್ನೂ, ಹಲಗೆ ಕೂರುವ ಹಾಸಿಗೆಯ ಅದೇ ಜಾಗದಲ್ಲಿ ತಪ್ಪಿದರೆ ಬಾಗಿದ ಸ್ಕ್ರೂ ಅಥವಾ ದಂಡಕ್ಕೆ ಸಿಕ್ಕಿಕೊಂಡ ಮರದ ಚೂರನ್ನೂ ಅನುಮಾನಿಸಬೇಕು. ಯಾವಾಗ, ಎಲ್ಲಿ ಎಂಬುದಕ್ಕೆ ಯಾವ ಕ್ರಮವೂ ಕಾಣದಿದ್ದರೆ, ಸ್ಪ್ಯಾನರನ್ನು ಕೆಳಗಿಟ್ಟು ತಂತಿಗಳನ್ನು ನೋಡುವುದು ಒಳ್ಳೆಯದು.

ಇದನ್ನು ಖಚಿತಪಡಿಸಿಕೊಳ್ಳಲು ನಾನು ಒಂದೇ ಕಡತವನ್ನು ನಾಲ್ಕು ಹಂತಗಳಲ್ಲಿ ಓಡಿಸಿ ನೋಡುತ್ತೇನೆ. ಮೊದಲು ಬಿಟ್ಟನ್ನು ಹಲಗೆಗಿಂತ ಸಾಕಷ್ಟು ಮೇಲೆ ಶೂನ್ಯ ಮಾಡಿ, ಸ್ಪಿಂಡಲ್ ಆರಿಸಿ, ಗಾಳಿಯಲ್ಲಿಯೇ ಇಡೀ ಕೆತ್ತನೆಯನ್ನು ನಡೆಸುವುದು. ಮುಗಿದ ಮೇಲೆ ಯಂತ್ರ ಆರಂಭದ ಗುರುತಿಗೆ ಸರಿಯಾಗಿ ಮರಳಿತೇ ಎಂದು ನೋಡುವುದು. ಮರಳಿದರೆ ಹೊರೆಯಿಲ್ಲದಾಗ ಅಕ್ಷಗಳೂ ಕಡತವೂ ಸರಿಯಿವೆ ಎಂದಾಯಿತು. ಎರಡನೆಯ ಹಂತದಲ್ಲಿ ಗಾಳಿಯಲ್ಲಿಯೇ ಸ್ಪಿಂಡಲನ್ನು ತಿರುಗಿಸುವುದು. ಈಗ ತಪ್ಪಿದರೆ ಸ್ಪಿಂಡಲ್ ಮೋಟಾರಿನ ವಿದ್ಯುತ್ ಗದ್ದಲ ಕಾರಣ. ಮೂರನೆಯದರಲ್ಲಿ ಹುಡಿ ಎಳೆಯುವ ವ್ಯಾಕ್ಯೂಮನ್ನೂ ಚಾಲೂ ಮಾಡುವುದು. ಕೊನೆಯಲ್ಲಿ ಮಾತ್ರ ಮರ. ಮೂರನ್ನೂ ದಾಟಿ ಮರದಲ್ಲಿ ಮಾತ್ರ ತಪ್ಪುತ್ತಿದ್ದರೆ ವೇಗ, ಆಳ, ಬಿಟ್ಟಿನ ಮೊನೆ ಅಥವಾ ಕೊಲೆಟ್ ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ. ಈ ಪರೀಕ್ಷೆಗೆ ಸಮಯ ಹಿಡಿಯುತ್ತದೆ ಎಂಬುದು ನಿಜ, ಆದರೆ ತೇಗದ ಹಲಗೆಯ ಬೆಲೆಯನ್ನು ನೆನೆದರೆ ಆ ಸಮಯ ದುಬಾರಿ ಎನಿಸುವುದಿಲ್ಲ.

ಹೆಜ್ಜೆಗಳ ಲೆಕ್ಕದ ವಿಷಯದಲ್ಲಿ ನನಗೆ ಸ್ವಲ್ಪ ಹಟವಿದೆ. ಮೋಟಾರಿಗೆ ಒಂದು ಸುತ್ತಿಗೆ 200 ಪೂರ್ಣ ಹೆಜ್ಜೆಗಳು, ಮೋಟಾರಿಗೆ ಕರೆಂಟ್ ಹಾಯಿಸುವ ಡ್ರೈವರ್ ಪ್ರತಿಯೊಂದನ್ನೂ 16 ಭಾಗ ಮಾಡುತ್ತದೆ, ಸ್ಕ್ರೂ ಸುತ್ತಿಗೆ 4 ಮಿ.ಮೀ. ಸಾಗುತ್ತದೆ, ಆದ್ದರಿಂದ ಮಿಲಿಮೀಟರಿಗೆ 800 ಹೆಜ್ಜೆ ಎಂಬುದು ಗಣಿತದಿಂದ ಬರುವ ಸಂಖ್ಯೆ. ಜಿಆರ್‌ಬಿಎಲ್‌ನಲ್ಲಿ $$ ಎಂದು ಕಳುಹಿಸಿದರೆ ಬರುವ ಪಟ್ಟಿಯಲ್ಲಿ $100, $101, $102 ಎಂಬ ಮೂರು ಸಾಲುಗಳು ಇವೇ. ಅಳತೆ ತಪ್ಪಿದೊಡನೆ ಕ್ಯಾಲಿಪರ್ ಹಿಡಿದು ಈ 800ನ್ನು 811.36 ಮಾಡುವ ಅಭ್ಯಾಸ ಅನೇಕರಿಗಿದೆ. ಬೆಲ್ಟಿನ ಯಂತ್ರಗಳಲ್ಲಿ, ಬೆಲ್ಟಿನ ಬಿಗುವಿಗೆ ತಕ್ಕಂತೆ ಅಳತೆ ಬದಲಾಗುವುದರಿಂದ, ಸಣ್ಣ ತಿದ್ದುಪಡಿಗೆ ಅರ್ಥವಿದೆ. ಆದರೆ ಸ್ಕ್ರೂವಿನ ಯಂತ್ರದಲ್ಲಿ ನೂರಕ್ಕೆ ಒಂದೂವರೆಯಷ್ಟು ವ್ಯತ್ಯಾಸ ಬಂದರೆ ಸ್ಕ್ರೂ ಗಿಡ್ಡವಾಯಿತೆಂದು ತಿಳಿಯುವ ಬದಲು, ಹೆಜ್ಜೆ ಬಿಟ್ಟಿತೇ, ಕಪ್ಲಿಂಗ್ ಜಾರಿತೇ ಎಂದು ನೋಡಬೇಕು. ಸಂಖ್ಯೆಯನ್ನು ತಿದ್ದಿದರೆ ಇಂದಿನ ತಪ್ಪು ಮುಚ್ಚಿಹೋಗಿ ನಾಳೆ ಬೇರೊಂದು ಅಳತೆಯಲ್ಲಿ ತಲೆಯೆತ್ತುತ್ತದೆ. ಅಳತೆ ಸರಿಯಾಗಿ ಅರ್ಧ ಅಥವಾ ಎರಡರಷ್ಟು ಬಂದರೆ ಮಾತ್ರ ಹೆಜ್ಜೆಯ ಭಾಗಗಳನ್ನು ನಿರ್ಧರಿಸುವ, ಡ್ರೈವರಿನ ಮೈಕ್ರೋಸ್ಟೆಪ್ ಜಂಪರನ್ನು ಪರೀಕ್ಷಿಸಬೇಕು.

ಬ್ಯಾಕ್‌ಲ್ಯಾಶ್ ನೋಡಲು ಒಂದು ವೃತ್ತವನ್ನು ಕೆತ್ತಿದರೆ ಸಾಕು. ವೃತ್ತದ ಬಲ, ಎಡ, ಮೇಲು, ಕೆಳ ಎಂಬ ನಾಲ್ಕು ತುದಿಗಳಲ್ಲಿ, ಅಂದರೆ ಅಕ್ಷಗಳು ದಿಕ್ಕು ಬದಲಿಸುವ ಜಾಗಗಳಲ್ಲಿ, ಸಣ್ಣ ಮೆಟ್ಟಿಲು ಅಥವಾ ಚಪ್ಪಟೆ ಕಂಡರೆ ನಟ್ಟು ಸವೆದಿದೆ. ಮುಖ್ಯ ಜಿಆರ್‌ಬಿಎಲ್ ಆವೃತ್ತಿಯಲ್ಲಿ ಬ್ಯಾಕ್‌ಲ್ಯಾಶನ್ನು ಸರಿದೂಗಿಸುವ ವ್ಯವಸ್ಥೆ ಇಲ್ಲ, ಆದ್ದರಿಂದ ಸ್ಪ್ರಿಂಗ್ ಇರುವ ಜೋಡಿ ನಟ್ಟನ್ನು ಹಾಕುವುದೇ ದಾರಿ. ನಾಲ್ಕು ತುದಿಗಳು ನಯವಾಗಿದ್ದು, ಒಂದು ಕರ್ಣದ ವ್ಯಾಸ ಇನ್ನೊಂದಕ್ಕಿಂತ ಹೆಚ್ಚಿದ್ದರೆ ಎಕ್ಸ್ ಮತ್ತು ವೈ ಅಕ್ಷಗಳು ಪರಸ್ಪರ ಲಂಬವಾಗಿಲ್ಲ. ಚೌಕಟ್ಟಿನ ಬೋಲ್ಟುಗಳನ್ನು ಸಡಿಲಿಸಿ, ಬಡಗಿಯ ಮೂಲೆಮಟ್ಟವನ್ನು ಇಟ್ಟು, ಮತ್ತೆ ಬಿಗಿಮಾಡಬೇಕು. ಸ್ಪಿಂಡಲ್ ಹಾಸಿಗೆಗೆ ಲಂಬವಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಅಗಲ ಬಿಟ್ಟಿನಿಂದ ತಳ ಹೊಡೆದಾಗ ಗದ್ದೆಯ ಬದುಗಳಂತೆ ಸಾಲುಸಾಲು ಏರು ಕಂಡರೆ ಅದು ಓರೆಯಾಗಿದೆ. ಇಲ್ಲಿ ರಸಮಟ್ಟದಿಂದ ಪ್ರಯೋಜನವಿಲ್ಲ, ಏಕೆಂದರೆ ಸ್ಪಿಂಡಲ್ ನೇರವಾಗಿರಬೇಕಾದುದು ಹಾಸಿಗೆಗೇ ಹೊರತು ಭೂಮಿಗಲ್ಲ. ಕೊಲೆಟ್‌ಗೆ ಬಾಗಿಸಿದ ಗಟ್ಟಿ ತಂತಿಯೊಂದನ್ನು ಸಿಕ್ಕಿಸಿ, ಕೈಯಿಂದ ಸುತ್ತು ತಿರುಗಿಸಿ, ಅದರ ತುದಿ ಎಲ್ಲ ಕಡೆಯೂ ಹಾಸಿಗೆಯನ್ನು ಒಂದೇ ಸಮನೆ ಮುಟ್ಟುತ್ತದೆಯೇ ಎಂದು ನೋಡುವುದು ಅಗ್ಗದ ಮತ್ತು ನಂಬಬಹುದಾದ ವಿಧಾನ.

ಕೆತ್ತನೆ ಹೋಗುತ್ತ ಹೋಗುತ್ತ ಆಳವಾಗುವ ತೊಂದರೆ ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಅದಕ್ಕೆ ಎರಡು ಕಾರಣಗಳಿದ್ದು ಎರಡೂ ಒಂದೇ ಫಲ ಕೊಡುತ್ತವೆ. ಚೂರುಗಳನ್ನು ಮೇಲಕ್ಕೆ ಎಸೆಯುವ ಅಪ್‌ಕಟ್ ಬಿಟ್ಟು, ಕತ್ತರಿಸುವಾಗ ತನ್ನನ್ನು ತಾನೇ ಮರದೊಳಕ್ಕೆ ಎಳೆದುಕೊಳ್ಳುತ್ತದೆ. ಕೊಲೆಟ್ ಸಾಕಷ್ಟು ಬಿಗಿಯಿಲ್ಲದಿದ್ದರೆ ಸ್ವಲ್ಪಸ್ವಲ್ಪವೇ ಕೆಳಗೆ ಜಾರುತ್ತದೆ. ಇನ್ನೊಂದು ಕಡೆ, ಝಡ್ ಅಕ್ಷದ ಮೋಟಾರ್ ಸ್ಪಿಂಡಲಿನ ಭಾರವನ್ನು ಮೇಲೆತ್ತುವಾಗ ಹೆಜ್ಜೆ ಬಿಟ್ಟು, ಇಳಿಸುವಾಗ ಬಿಡದಿದ್ದರೆ, ಪ್ರತಿ ಏರಿಳಿತಕ್ಕೂ ಶೂನ್ಯ ಕೆಳಗೆ ಇಳಿಯುತ್ತದೆ. ಬಿಟ್ಟಿನ ಹಿಡಿಯ ಮೇಲೆ, ಕೊಲೆಟ್ ನಟ್ಟಿನ ಅಂಚಿಗೆ ಸರಿಯಾಗಿ, ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟರೆ ಉತ್ತರ ಸಿಗುತ್ತದೆ: ಗೆರೆ ಹೊರಗೆ ಬಂದಿದ್ದರೆ ಕೊಲೆಟ್, ಇದ್ದಲ್ಲಿಯೇ ಇದ್ದರೆ ಝಡ್. ಕಪ್ಲಿಂಗುಗಳ ಮೇಲೂ, ದಂಡ ಮತ್ತು ಕಪ್ಲಿಂಗ್ ಎರಡನ್ನೂ ಹಾಯುವಂತೆ ಪೇಂಟ್ ಪೆನ್ನಿನ ಗೆರೆಯೊಂದನ್ನು ಎಳೆದಿದ್ದೇನೆ. ಗೆರೆ ತುಂಡಾಗಿ ಕಂಡ ದಿನ ಅಲೆನ್ ಕೀ ಹುಡುಕಿದರಾಯಿತು. ಗ್ರಬ್ ಸ್ಕ್ರೂ ದಂಡದ ಚಪ್ಪಟೆ ಭಾಗದ ಮೇಲೆಯೇ ಕೂರಬೇಕು, ಅದಕ್ಕೆ ಒಂದು ಹನಿ ಮಧ್ಯಮ ಬಲದ ಥ್ರೆಡ್ ಲಾಕರ್ ಹಾಕಿದರೆ ಕಂಪನಕ್ಕೆ ಬೇಗ ಬಿಚ್ಚುವುದಿಲ್ಲ.

ಮೋಟಾರ್ ಹೆಜ್ಜೆ ಬಿಡುತ್ತಿದೆ ಎಂದು ಖಚಿತವಾದರೆ ಮೊದಲು ವಿದ್ಯುತ್ ಆರಿಸಿ, ಸ್ಕ್ರೂವನ್ನು ಕೈಯಿಂದ ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ ನೋಡಬೇಕು. ಎಲ್ಲಿಯಾದರೂ ಬಿಗಿ ಎನಿಸಿದರೆ ಅಲ್ಲಿ ಅಕ್ಷ ಜಾರುವ ದಂಡಗಳು ಸಮಾನಾಂತರವಾಗಿಲ್ಲ ಅಥವಾ ಕಸ ಕೂತಿದೆ. ಕೈಗೆ ಸಲೀಸಾಗಿದ್ದರೆ $120ರಿಂದ $122ರವರೆಗಿನ ವೇಗೋತ್ಕರ್ಷವನ್ನು ಅರ್ಧಕ್ಕೆ ಇಳಿಸಿ ನೋಡಬಹುದು. ಡ್ರೈವರಿನ ಕರೆಂಟಿಗೆ ಕೈಹಾಕುವುದು ಕೊನೆಯ ಹೆಜ್ಜೆ. ತಿರುಪು ಇರುವ ಎ4988 ಡ್ರೈವರುಗಳಲ್ಲಿ, ಬೇಕಾದ ಆಂಪಿಯರನ್ನು 8ರಿಂದಲೂ ಕರೆಂಟನ್ನು ಅಳೆಯುವ ಸೆನ್ಸ್ ರೆಸಿಸ್ಟರಿನ ಓಮಿನಿಂದಲೂ ಗುಣಿಸಿದರೆ ಮಲ್ಟಿಮೀಟರಿನಲ್ಲಿ ಕಾಣಬೇಕಾದ ವೋಲ್ಟೇಜ್ ಸಿಗುತ್ತದೆ, ರೆಸಿಸ್ಟರ್ 0.1 ಓಮಿನದಾದರೆ 1 ಆಂಪಿಯರಿಗೆ 0.8 ವೋಲ್ಟ್, 0.05 ಓಮಿನದಾದರೆ 0.4 ವೋಲ್ಟ್. 0.05 ಓಮಿನದಕ್ಕೆ 0.8 ವೋಲ್ಟ್ ಇಟ್ಟರೆ ಮೋಟಾರಿಗೆ ಎರಡರಷ್ಟು ಕರೆಂಟ್ ಹೋಗಿ ಡ್ರೈವರ್ ಕಾದು ತಾನೇ ಆರುತ್ತದೆ, ತಣಿದ ಮೇಲೆ ಮತ್ತೆ ಚಾಲೂ ಆಗುತ್ತದೆ, ನಡುವೆ ಬಿಟ್ಟ ಹೆಜ್ಜೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ವಿದ್ಯುತ್ ಇರುವಾಗ ಮೋಟಾರಿನ ತಂತಿಯನ್ನು ಎಂದೂ ಕೀಳಬಾರದು. ಆ ಕ್ಷಣದ ವೋಲ್ಟೇಜ್ ಏರಿಕೆಗೆ ಡ್ರೈವರ್ ಸುಟ್ಟುಹೋಗಬಹುದು.

ಇನ್ನು ಕ್ರಮವಿಲ್ಲದ ತೊಂದರೆಗಳು. ಕೆಲಸದ ನಡುವೆ ಯುಎಸ್‌ಬಿ ಸಂಪರ್ಕ ತಪ್ಪುವುದು, ಅಕ್ಷದ ಕೊನೆಯಲ್ಲಿರುವ ಲಿಮಿಟ್ ಸ್ವಿಚ್ಚನ್ನು ಮುಟ್ಟದೆಯೂ ಲಿಮಿಟ್ ಅಲಾರಂ ಬರುವುದು, ಕಡತ ಸರಿಯಿದ್ದರೂ ಒಮ್ಮೊಮ್ಮೆ ಅರ್ಥವಾಗದ ಆಜ್ಞೆ ಎಂಬ ದೂರು ಬರುವುದು, ಇವೆಲ್ಲ ಒಂದೇ ಕುಟುಂಬದವು. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದು ಹೇಳಲಾಗದು. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಎಷ್ಟೋ ವರ್ಷಗಳಾಗಿ, ಬೇಸಗೆಯಲ್ಲಿ ನೆಲ ಒಣಗಿ ಬಿರಿದಾಗ, ಅದು ಹೆಸರಿಗೆ ಮಾತ್ರ ಉಳಿದಿರುತ್ತದೆ. ಪರಿಚಿತ ಎಲೆಕ್ಟ್ರಿಷಿಯನ್‌ನನ್ನು ಕರೆದು ಅದನ್ನು ಒಮ್ಮೆ ಪರೀಕ್ಷಿಸಿಸುವುದು ಈ ಯಂತ್ರಕ್ಕೆ ಮಾಡಬಹುದಾದ ಅತ್ಯುತ್ತಮ ಖರ್ಚು ಎಂದು ನಾನು ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಖರ್ಚಿಲ್ಲದ ಪರೀಕ್ಷೆಯಿದೆ: ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ತೊಂದರೆ ಮಾಯವಾದರೆ ಗದ್ದಲ ಚಾರ್ಜರಿನ ದಾರಿಯಿಂದ ಬರುತ್ತಿತ್ತು.

ವ್ಯಾಕ್ಯೂಮಿನ ಪ್ಲಾಸ್ಟಿಕ್ ಕೊಳವೆಯೊಳಗೆ ಒಣ ಮರದ ಹುಡಿ ಉಜ್ಜಿಕೊಂಡು ಓಡುವಾಗ ಸ್ಥಿರವಿದ್ಯುತ್ ಹುಟ್ಟುತ್ತದೆ. ಅದು ಯಂತ್ರದ ಚೌಕಟ್ಟಿಗೆ ಹಾರಿದಾಗ ಬೋರ್ಡು ಬೆಚ್ಚಿಬಿದ್ದು ರೀಸೆಟ್ ಆಗುವುದುಂಟು. ಮಲೆನಾಡಿನ ಮಳೆಗಾಲದಲ್ಲಿ ಇದು ಗೊತ್ತೇ ಆಗುವುದಿಲ್ಲ, ಚಳಿಗಾಲದ ಒಣಹವೆಯಲ್ಲಿ ಕಾಟ ಕೊಡುತ್ತದೆ. ಕೊಳವೆಯ ಉದ್ದಕ್ಕೂ ಹೊದಿಕೆಯಿಲ್ಲದ ತಾಮ್ರದ ತಂತಿಯೊಂದನ್ನು ಸುತ್ತಿ, ಅದನ್ನೂ ಯಂತ್ರದ ಚೌಕಟ್ಟನ್ನೂ ಅರ್ಥಿಂಗಿಗೆ ಸೇರಿಸಿದರೆ ನಿಲ್ಲುತ್ತದೆ. 775 ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ಡಿನ ಸೆರಾಮಿಕ್ ಕೆಪಾಸಿಟರನ್ನು ಬೆಸೆದರೆ ಅದರ ಬ್ರಷ್ಷುಗಳ ಕಿಡಿಯ ಗದ್ದಲ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಯುಎಸ್‌ಬಿ ಕೇಬಲ್ ಗಿಡ್ಡದಾಗಿ, ಶೀಲ್ಡ್ ಇರುವುದಾಗಿ, ಸ್ಪಿಂಡಲಿನ ತಂತಿಯಿಂದ ದೂರವಾಗಿ ಹಾಯಲಿ.

ಜಿಆರ್‌ಬಿಎಲ್ ತೋರಿಸುವ ಅಲಾರಂ ಸಂಖ್ಯೆಗಳನ್ನು ಓದುವ ಅಭ್ಯಾಸವಿರಬೇಕು. ಅಲಾರಂ 1 ಎಂದರೆ ಲಿಮಿಟ್ ಸ್ವಿಚ್ ತಗುಲಿದೆ, ಯಂತ್ರ ತನ್ನ ಸ್ಥಾನವನ್ನು ಕಳೆದುಕೊಂಡಿರಬಹುದು. ಅಲಾರಂ 2 ಎಂದರೆ ಕಡತ ಕೇಳಿದ ಜಾಗ ಯಂತ್ರದ ಮಿತಿಯಾಚೆ ಇದೆ. ಇಲ್ಲಿ ಸ್ಥಾನ ಉಳಿದಿರುತ್ತದೆ. ಅಲಾರಂ 9 ಬಂದರೆ ಹೋಮಿಂಗ್ (ಸ್ವಿಚ್ ಮುಟ್ಟಿ ಆರಂಭದ ಸ್ಥಾನ ಹುಡುಕುವ) ವೇಳೆ ಸ್ವಿಚ್ ಸಿಗಲಿಲ್ಲ ಎಂದರ್ಥ. ಡಾಲರ್ ಚಿಹ್ನೆಯ ಜೊತೆ ಎಕ್ಸ್ ಕಳುಹಿಸಿ ಬೀಗ ತೆಗೆಯುವುದು ಎಲ್ಲರಿಗೂ ಗೊತ್ತು, ಆದರೆ ಅದು ಬೀಗವನ್ನಷ್ಟೇ ತೆಗೆಯುತ್ತದೆ, ಕಳೆದ ಸ್ಥಾನವನ್ನು ಹುಡುಕಿಕೊಡುವುದಿಲ್ಲ. ಡಾಲರಿನ ಜೊತೆ ಸಿ ಅಕ್ಷರ ಕಳುಹಿಸಿದರೆ ಯಂತ್ರವನ್ನು ಅಲುಗಿಸದೆಯೇ ಕಡತವನ್ನು ಓದಿಸಿ ನೋಡಬಹುದು. ದೂರು ಪ್ರತಿ ಸಲವೂ ಅದೇ ಸಾಲಿಗೆ ಬಂದರೆ ಕಡತ ತಯಾರಿಸಿದ ಪೋಸ್ಟ್ ಪ್ರೊಸೆಸರನ್ನು (ವಿನ್ಯಾಸವನ್ನು ಯಂತ್ರದ ಆಜ್ಞೆಗಳಾಗಿಸುವ ತಂತ್ರಾಂಶವನ್ನು) ಬದಲಾಯಿಸಿ, ಬೇರೆಬೇರೆ ಸಾಲಿಗೆ ಬಂದರೆ ಮತ್ತೆ ಕೇಬಲಿನ ಕಡೆಗೆ ಹೋಗಿ.

ನಮ್ಮ ಕಡೆ ಇದನ್ನು ಬಳಸುವವರಿಗೆ ಕರೆಂಟ್ ಹೋಗುವುದು ನಿತ್ಯದ ವಿಷಯ, ಮತ್ತು ಅದರಲ್ಲಿ ಎಲ್ಲರೂ ಗಮನಿಸದ ಒಂದು ಅಪಾಯವಿದೆ. ಮನೆಯ ಕರೆಂಟ್ ಹೋದಾಗ 24 ವೋಲ್ಟಿನ ಸರಬರಾಜು ನಿಂತು ಮೋಟಾರುಗಳು ನಿಲ್ಲುತ್ತವೆ, ಆದರೆ ಬೋರ್ಡಿನ ಚಿಪ್ಪಿಗೆ ಲ್ಯಾಪ್‌ಟಾಪಿನ ಬ್ಯಾಟರಿಯಿಂದ ಯುಎಸ್‌ಬಿ ಮೂಲಕ ವಿದ್ಯುತ್ ಬರುತ್ತಲೇ ಇರುತ್ತದೆ. ಅದು ಏನೂ ಆಗಿಲ್ಲವೆಂಬಂತೆ ಹೆಜ್ಜೆಗಳನ್ನು ಎಣಿಸುತ್ತ ಹೋಗುತ್ತದೆ; ಕರೆಂಟ್ ಮರಳಿದ ಕೂಡಲೇ ಯಾವ ಅಲಾರಮ್ಮೂ ಇಲ್ಲದೆ, ನಿಂತ ಜಾಗದಿಂದ ತಪ್ಪು ದಿಕ್ಕಿಗೆ ಹಲಗೆಯನ್ನು ಸೀಳಿಕೊಂಡು ಹೊರಡುತ್ತದೆ. ಆದ್ದರಿಂದ ದೀಪ ಆರಿದೊಡನೆ ಮಾಡಬೇಕಾದ ಮೊದಲ ಕೆಲಸ ಸಾಫ್ಟ್‌ವೇರಿನಲ್ಲಿ ಕಡತವನ್ನು ನಿಲ್ಲಿಸಿ, ಸಾಲಿನ ಸಂಖ್ಯೆಯನ್ನು ಬರೆದುಕೊಳ್ಳುವುದು. ಲಿಮಿಟ್ ಸ್ವಿಚ್ಚುಗಳಿದ್ದರೆ ಹೋಮಿಂಗ್ ಮಾಡಿ, ಬೋರ್ಡಿನ ನೆನಪಿನಲ್ಲಿ ಉಳಿದಿರುವ ಜಿ54 ಶೂನ್ಯಕ್ಕೆ (ಕೆಲಸದ ಆರಂಭಬಿಂದುವಿಗೆ) ಮರಳಬಹುದು. ಮರುಹೊಂದಿಕೆ ಕೂದಲೆಳೆಯಷ್ಟು ವ್ಯತ್ಯಾಸದೊಳಗೆ ಇರುತ್ತದೆ. ಸ್ವಿಚ್ಚಿಲ್ಲದ ಯಂತ್ರದಲ್ಲಿ ಹಲಗೆಯ ಮೂಲೆಯನ್ನೋ ಹಾಸಿಗೆಯಲ್ಲಿ ಕೊರೆದ ರಂಧ್ರವನ್ನೋ ಗುರುತಾಗಿ ಇಟ್ಟುಕೊಂಡಿರಬೇಕು. ನಡುವಿನಿಂದ ಆರಂಭಿಸುವಾಗ, ನಿಂತ ಸಾಲಿಗಿಂತ ಹಿಂದೆ, ಕೆತ್ತುವ ಬಿಟ್ಟು ಹಲಗೆಯಿಂದ ಮೇಲಿದ್ದ ಜಾಗವನ್ನು ಹುಡುಕಿ, ಅದರ ಮುಂಚೆ ಮಿಲಿಮೀಟರ್ ಘಟಕ, ನಿರಪೇಕ್ಷ ಸ್ಥಾನ, ಸ್ಪಿಂಡಲ್ ಚಾಲನೆ ಮತ್ತು ಫೀಡಿನ (ಬಿಟ್ಟು ಮುಂದೆ ಸಾಗುವ ವೇಗದ) ಸಾಲುಗಳನ್ನು ಸೇರಿಸಬೇಕು. ಮನೆಗೆ ಇನ್ವರ್ಟರ್ ಇದ್ದು, ಅದರಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ಚಿದ್ದರೆ ಅದನ್ನೇ ಹಾಕಿಡಿ. ಲ್ಯಾಪ್‌ಟಾಪ್ ನಿದ್ರೆಗೆ ಹೋಗದಂತೆಯೂ ತಾನಾಗಿ ಅಪ್‌ಡೇಟ್ ಆಗದಂತೆಯೂ ಮೊದಲೇ ತಡೆಯಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ನಿರ್ವಹಣೆಯಲ್ಲಿ ಹುಡಿಯೇ ಮುಖ್ಯ ಶತ್ರು. ಸ್ಕ್ರೂವಿಗೆ ಧಾರಾಳವಾಗಿ ಗ್ರೀಸ್ ಬಳಿದರೆ ಮರದ ಹುಡಿ ಅದರೊಂದಿಗೆ ಸೇರಿ ಅರೆಯುವ ಲೇಪವಾಗುತ್ತದೆ, ನಟ್ಟು ಬೇಗ ಸವೆಯುತ್ತದೆ. ಪ್ಲಾಸ್ಟಿಕ್ ನಟ್ಟಿಗೆ ಒಣ ಪಿಟಿಎಫ್‌ಇ ಸ್ಪ್ರೇ, ಹಿತ್ತಾಳೆ ನಟ್ಟಿಗೂ ದಂಡಗಳ ಬೇರಿಂಗಿಗೂ ಹೊಲಿಗೆ ಯಂತ್ರದ ಎಣ್ಣೆಯ ಒಂದೆರಡು ಹನಿ, ಅದೂ ಹಳೆಯ ಬಟ್ಟೆಯಿಂದ ಒರೆಸಿದ ಮೇಲೆ. ತುಕ್ಕು ಬಿಡಿಸುವ ಸ್ಪ್ರೇಗಳು ಒರೆಸಲು ಚೆನ್ನ, ಆದರೆ ಬೇಗ ಆರಿಹೋಗುವುದರಿಂದ ಎಣ್ಣೆಯ ಜಾಗವನ್ನು ತುಂಬುವುದಿಲ್ಲ. ಮಳೆಗಾಲದಲ್ಲಿ ಎಂಡಿಎಫ್ ಹಾಸಿಗೆ ತೇವ ಹೀರಿ ಉಬ್ಬುತ್ತದೆ, ಆದ್ದರಿಂದ ಮಳೆ ಹಿಂದಾದ ಮೇಲೆ ಅದರ ಮೇಲ್ಮೈಯನ್ನು ಯಂತ್ರದಿಂದಲೇ ಮತ್ತೊಮ್ಮೆ ಹೊಡೆದು ಸಮ ಮಾಡುತ್ತೇನೆ. ಬೇಸಗೆಯಲ್ಲಿ ಬೇರೆ ಅತಿಥಿಗಳು: ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳುವಿಗೆ ಪವರ್ ಸಪ್ಲೈ ಫ್ಯಾನಿನ ಬಾಯಿ ಬಹಳ ಇಷ್ಟ, ಬೋರ್ಡಿನ ಬೆಚ್ಚಗಿನ ಪೆಟ್ಟಿಗೆ ಹಲ್ಲಿಗೆ ಇಷ್ಟ. ಸೊಳ್ಳೆಪರದೆಯ ತುಂಡೊಂದನ್ನು ಅಂಟಿಸಿದರೆ ಎರಡಕ್ಕೂ ತಡೆ.

ಬಿಟ್ಟಿನ ಆರೋಗ್ಯವನ್ನು ಚೂರುಗಳೇ ಹೇಳುತ್ತವೆ. 10,000 ಸುತ್ತು, ಎರಡು ಧಾರೆ, ಪ್ರತಿ ಧಾರೆಗೆ 0.05 ಮಿ.ಮೀ. ಎಂದಾದರೆ ನಿಮಿಷಕ್ಕೆ 1000 ಮಿ.ಮೀ. ಫೀಡ್ ಬೇಕು; ಭಯದಿಂದ ಅದನ್ನು 300ಕ್ಕೆ ಇಳಿಸಿದರೆ ಬಿಟ್ಟು ಕತ್ತರಿಸುವ ಬದಲು ಉಜ್ಜುತ್ತದೆ, ಮರ ಕಪ್ಪಾಗುತ್ತದೆ, ಬಿಟ್ಟು ಇನ್ನಷ್ಟು ಬೇಗ ಮೊಂಡಾಗುತ್ತದೆ. ಯಂತ್ರದ ಚೌಕಟ್ಟು ಅಷ್ಟು ಗಟ್ಟಿಯಿಲ್ಲದಿದ್ದರೆ ಫೀಡಿನ ಬದಲು ಪದರದ ಆಳವನ್ನು ಇಳಿಸುವುದು ಸರಿ. ತೇಗದಲ್ಲಿ ಸಿಲಿಕಾ ಇರುವುದರಿಂದ ಅದು ನೋಡಲು ಮೆದುವಾಗಿದ್ದರೂ ಧಾರೆಯನ್ನು ತಿನ್ನುತ್ತದೆ. ಹಲಸು ಈ ವಿಷಯದಲ್ಲಿ ಸಾಧು. ಕೊಲೆಟ್ಟನ್ನು ಮೊದಲು ನಟ್ಟಿನೊಳಗೆ ಟಕ್ಕೆಂದು ಕೂರಿಸಿ, ಆಮೇಲೆ ಸ್ಪಿಂಡಲಿಗೆ ಹಾಕಬೇಕು. ಅದರ ಸೀಳುಗಳಲ್ಲಿ ಒಂದು ಚಿಟಿಕೆ ಹುಡಿ ಇದ್ದರೂ ಬಿಟ್ಟು ಓರೆಯಾಗಿ ತಿರುಗಿ, 1 ಮಿ.ಮೀ. ಬಿಟ್ಟುಗಳು ಪಟಪಟನೆ ಮುರಿಯುತ್ತವೆ.

ಯಂತ್ರ ಓಡುತ್ತಿರುವಾಗ ಅದನ್ನು ಬಿಟ್ಟು ಊಟಕ್ಕೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಉಜ್ಜುವ ಬಿಟ್ಟಿನಿಂದ ಹುಟ್ಟಿದ ಕೆಂಡ ವ್ಯಾಕ್ಯೂಮಿನ ಚೀಲ ಸೇರಿದರೆ ಬೆಂಕಿಗೆ ಬೇಕಾದ ಗಾಳಿಯೂ ಸೌದೆಯೂ ಅಲ್ಲಿಯೇ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ಹುಡಿಯನ್ನು 1995ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ, ಆದ್ದರಿಂದ ಹುಡಿ ಗುಡಿಸುವಾಗಲೂ ಎನ್95 ಮುಖಗವಸು ಇರಬೇಕು. ಬಿಡಿಭಾಗಗಳಲ್ಲಿ ಒಂದು ಕಪ್ಲಿಂಗ್, ಒಂದು ಜೋಡಿ ನಟ್ಟು, ಒಂದು ಡ್ರೈವರ್, ಒಂದು ಕೊಲೆಟ್ ಮತ್ತು ಒಂದು ಯುಎಸ್‌ಬಿ ಕೇಬಲ್ ಮನೆಯಲ್ಲಿದ್ದರೆ, ಪಾರ್ಸೆಲ್ ಬರುವವರೆಗೆ ಕಾಯುವ ಪ್ರಮೇಯ ಬಹುತೇಕ ಬಾರದು. ಯಂತ್ರ ಸರಿಯಾಗಿ ಓಡುತ್ತಿರುವ ದಿನವೇ $$ ಪಟ್ಟಿಯನ್ನು ಮುದ್ರಿಸಿ, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ. ಬೋರ್ಡು ಬದಲಾಯಿಸಬೇಕಾಗಿ ಬಂದಾಗ ಹಳೆಯ ಬೋರ್ಡಿನಿಂದ ಆ ಸಂಖ್ಯೆಗಳನ್ನು ಓದಲು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ.